ಮರುಭೂಮಿಯನ್ನು ಕೆತ್ತಿದ್ದು ನೀರು

ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ನ್ಯಾಷನಲ್ ಪಾರ್ಕಿನಲ್ಲಿ ಯಾವ ಕಲ್ಲಿನ ಕಮಾನಿನ ಕೆಳಗೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಗಾಳಿ ಎಷ್ಟು ಚೆನ್ನಾಗಿ ಕೊರೆದಿದೆ ನೋಡಿ!’ ಏಪ್ರಿಲ್‌ನಲ್ಲಿ ನಾವು ಹೋದಾಗ ನಮ್ಮ ಅತ್ತಿಗೆಯೂ ಇದನ್ನೇ ಹೇಳಿದರು. ಪಕ್ಕದಲ್ಲಿದ್ದ ಕನ್ನಡದ ಇನ್ನೊಂದು ಕುಟುಂಬವೂ ತಲೆಯಾಡಿಸಿತು. ಮರುಭೂಮಿ ಅಂದಮೇಲೆ ನೀರೆಲ್ಲಿ, ಗಾಳಿಯೇ ತಾನೇ ಇರೋದು ಅಂತ ಅನಿಸುವುದು ಸಹಜ. ಆದರೆ ಇದು ತಪ್ಪು. ಈ ತಪ್ಪಿನಿಂದಾಗಿ ಕಣ್ಣೆದುರೇ ನಡೆಯುತ್ತಿರುವ ಒಂದು ದೊಡ್ಡ ಕೆಲಸ ನಮಗೆ ಕಾಣದೇ ಹೋಗುತ್ತದೆ.

ಗಾಳಿ ಮರಳನ್ನು ಹೊತ್ತುಕೊಂಡು ಆಕಾಶಕ್ಕೇನೂ ಹಾರುವುದಿಲ್ಲ. ಮರಳಿನ ಕಾಳು ಭಾರ. ಅದು ನೆಲದ ಮೇಲೆ ಕುಪ್ಪಳಿಸುತ್ತಾ ಹೋಗುತ್ತದೆ, ಹೆಚ್ಚೆಂದರೆ ಒಂದೆರಡು ಮೀಟರ್ ಎತ್ತರಕ್ಕೆ. ಕಲ್ಲನ್ನು ಉಜ್ಜುವ ಶಕ್ತಿ ಇದ್ದರೂ ಅಷ್ಟು ಎತ್ತರದಲ್ಲೇ ಇರಬೇಕು. ಡೆಲಿಕೇಟ್ ಆರ್ಚ್ ಸುಮಾರು 16 ಮೀಟರ್ ಎತ್ತರ. ಅದರ ನೆತ್ತಿಯ ಒಳಮೈಯನ್ನು ಯಾವ ಮರಳು ಉಜ್ಜಲು ಸಾಧ್ಯ?

ಹಾಗಂತ ಗಾಳಿಗೆ ಇಲ್ಲಿ ಪಾತ್ರವೇ ಇಲ್ಲ ಅಂತಲ್ಲ. ಅದರ ಪಾತ್ರ ಉಲ್ಟಾ. ಈ ಬಂಡೆಯನ್ನು ಕಟ್ಟಿದ್ದು ಗಾಳಿ! ಯೂಟಾದ ಇನ್ನೊಂದು ನ್ಯಾಷನಲ್ ಪಾರ್ಕಾದ ಜೈಯನ್ ಕಣಿವೆಯ ದೊಡ್ಡ ದೊಡ್ಡ ಗೋಡೆಗಳೆಲ್ಲ ನವಾಹೋ ಮರಳುಗಲ್ಲು. ಸುಮಾರು 19 ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ, ಇಲ್ಲಿ ಸಹಾರಾದಂಥ ಮರಳಿನ ದಿಬ್ಬಗಳಿದ್ದವು. ಆ ದಿಬ್ಬಗಳೇ ಹೂತು, ಗಟ್ಟಿಯಾಗಿ ಕಲ್ಲಾದವು. ಕೆಲವು ಕಡೆ ಆ ಕಲ್ಲಿನ ದಪ್ಪ 600 ಮೀಟರ್. ಜೈಯನ್‌ನ ಪೂರ್ವದ ಬಾಗಿಲ ಹತ್ತಿರ ಚೆಕರ್‌ಬೋರ್ಡ್ ಮೇಸಾ ಅಂತ ಒಂದು ಗುಡ್ಡವಿದೆ. ಅದರ ಮೈಮೇಲೆ ವಾಲಿಕೊಂಡಿರುವ ಅಡ್ಡಗೆರೆಗಳನ್ನು ನೋಡಿ. ಅವು ಆ ದಿಬ್ಬಗಳ ಇಳಿಜಾರುಗಳು. ಅಂದು ಗಾಳಿ ಯಾವ ದಿಕ್ಕಿಗೆ ಬೀಸುತ್ತಿತ್ತು ಅಂತ ಆ ಗೆರೆಗಳನ್ನು ನೋಡಿ ಹೇಳಬಹುದು. ಕೆಂಪು ಬಣ್ಣ ಬಂದದ್ದು ಪ್ರತಿ ಮರಳಿನ ಕಾಳಿಗೂ ಹತ್ತಿಕೊಂಡ ಕಬ್ಬಿಣದ ತುಕ್ಕಿನಿಂದ. ನಮ್ಮ ಬಾದಾಮಿಯ ಮರಳುಗಲ್ಲು ಕೆಂಪಗಿರುವುದಕ್ಕೂ ಅದೇ ಕಾರಣ.

ಇದೇ ತುಕ್ಕನ್ನು ಇಟ್ಟುಕೊಂಡು ಅರಿಜೋನಾದ ಸೆಡೋನಾದಲ್ಲಿ ‘ಶಕ್ತಿಯ ಸುಳಿ’ ಅಂತ ವ್ಯಾಪಾರ ಮಾಡುತ್ತಾರೆ. ಕೆಂಪು ಬಂಡೆಯಿಂದ ಹೊಮ್ಮುವ ಶಕ್ತಿ ಮೈಕೈ ನೋವು ವಾಸಿ ಮಾಡುತ್ತದಂತೆ. ಅಲ್ಲಿರುವುದು ಕಬ್ಬಿಣದ ಆಕ್ಸೈಡ್. ಮನೆಯ ಹಳೇ ಗೇಟಿನ ಮೇಲಿರುವುದೂ ಅದೇ. ದುಡ್ಡು ಕೊಟ್ಟು ಮೋಸ ಹೋಗಬೇಡಿ.

ಸರಿ, ಕೆತ್ತಿದ್ದು ಯಾರು? ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಮೊವಾಬ್ ಎಂಬ, ಆರ್ಚಸ್ ಪಕ್ಕದ ಊರಿನ ಸುತ್ತಲೂ ನೀರೇ ಕೆತ್ತಿದೆ ಅಂದರೆ ನಂಬಲು ಕಷ್ಟ. ಅದಕ್ಕೇ ಯೂಟಾದಲ್ಲೇ ಇರುವ ಬ್ರೈಸ್ ಕ್ಯಾನ್ಯನ್‌ಗೆ ವಸಂತದಲ್ಲೇ ಹೋಗಬೇಕು. ಅದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲು ಬಿಸಿಲು ಚುರುಕು, ಹಿಮ ಕರಗಿ ಕಲ್ಲಿನ ಸಂದಿಗೆ ಇಳಿಯುತ್ತದೆ. ರಾತ್ರಿ ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ವರ್ಷದ ಹೆಚ್ಚುಕಡಿಮೆ ಅರ್ಧ ದಿನಗಳಲ್ಲಿ ಅಲ್ಲಿ ಹೀಗೇ ನಡೆಯುತ್ತದೆ. ಹೂಡೂ ಎಂದು ಕರೆಯುವ ಆ ಸಾವಿರಾರು ಕಲ್ಲಿನ ಕಂಬಗಳು ಹುಟ್ಟುವುದೂ ಉರುಳುವುದೂ ಇದರಿಂದಲೇ.

ಇಲ್ಲಿ ಎಲ್ಲರೂ ಶಾಲೆಯಲ್ಲಿ ಕಲಿತದ್ದನ್ನು ಹೇಳುತ್ತಾರೆ. ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ, ಫ್ರೀಜರ್‌ನಲ್ಲಿಟ್ಟ ಗಾಜಿನ ಬಾಟಲಿಯಂತೆ ಕಲ್ಲು ಒಡೆಯುತ್ತದೆ. ಸುಳ್ಳಲ್ಲ, ಆದರೆ ಅರ್ಧ ಕಥೆ. ಬಾಟಲಿಗೆ ಮುಚ್ಚಳವಿದೆ, ನೀರಿಗೆ ಓಡಲು ದಾರಿಯಿಲ್ಲ. ಮರಳುಗಲ್ಲಿನಲ್ಲಿ ಎಲ್ಲೆಲ್ಲೂ ಸಣ್ಣ ರಂಧ್ರಗಳು, ಅವುಗಳಲ್ಲಿ ಅರ್ಧಂಬರ್ಧ ಗಾಳಿ. ಹಿಗ್ಗುವ ಮಂಜುಗಡ್ಡೆ ಪಕ್ಕದ ನೀರನ್ನು ಆಚೆ ತಳ್ಳಿ ಸುಮ್ಮನಾಗಬಹುದಲ್ವಾ?

1930ರ ಆಸುಪಾಸಿನಲ್ಲಿ ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಒಂದು ಚಂದದ ಪ್ರಯೋಗ ಮಾಡಿದರು. ಚಳಿಗಾಲದಲ್ಲಿ ನೆಲ ಉಬ್ಬಿ ರಸ್ತೆಗಳು ಹಾಳಾಗುವುದು ಯಾಕೆ ಅಂತ ಅವರು ಹುಡುಕುತ್ತಿದ್ದರು. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ತಣ್ಣಗೆ ಮಾಡಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಅಂದರೆ ಉಬ್ಬಿಸಿದ್ದು ಹಿಗ್ಗುವಿಕೆ ಅಲ್ಲ. ಹೆಪ್ಪುಗಟ್ಟುತ್ತಿರುವ ಜಾಗ ಸುತ್ತಲಿನ ದ್ರವವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು.

ಕಲ್ಲಿನೊಳಗೂ ಹೀಗೇ. ಮಂಜುಗಡ್ಡೆಗೂ ಕಲ್ಲಿನ ಕಾಳಿಗೂ ನಡುವೆ ತುಂಬಾ ತೆಳುವಾದ ನೀರಿನ ಪೊರೆಯೊಂದು ಸೊನ್ನೆ ಡಿಗ್ರಿಗಿಂತ ಕೆಳಗೂ ದ್ರವವಾಗಿಯೇ ಉಳಿಯುತ್ತದೆ. ಅಣುಗಳ ನಡುವಿನ ಬಲಗಳು ಅಲ್ಲಿ ಕಲ್ಲನ್ನೂ ಮಂಜುಗಡ್ಡೆಯನ್ನೂ ಪರಸ್ಪರ ದೂರ ತಳ್ಳುತ್ತವೆ. ಪೊರೆಯಲ್ಲಿ ಒತ್ತಡ ಇಳಿಯುತ್ತದೆ. ಇನ್ನೂ ಹೆಪ್ಪುಗಟ್ಟದ ಕಡೆಯಿಂದ ನೀರು ಅತ್ತ ಹರಿದು ಬರುತ್ತದೆ. ಬಂದ ನೀರು ಮಂಜುಗಡ್ಡೆಗೆ ಸೇರುತ್ತದೆ, ಮಂಜುಗಡ್ಡೆ ದಪ್ಪವಾಗುತ್ತದೆ, ಬಿರುಕು ಇನ್ನಷ್ಟು ಬಾಯಿ ಬಿಡುತ್ತದೆ. ಮತ್ತೆ ನೀರು ಬರುತ್ತದೆ. 1985ರಲ್ಲಿ ವಿಜ್ಞಾನಿಗಳಾದ ಜೋಸೆಫ್ ವಾಲ್ಡರ್ ಮತ್ತು ಬರ್ನಾರ್ಡ್ ಹ್ಯಾಲೆಟ್ ಈ ಲೆಕ್ಕವನ್ನು ಬಂಡೆಗಳಿಗೆ ಹಾಕಿ ನೋಡಿದರು. ಅವರ ಪ್ರಕಾರ ಸೊನ್ನೆಗಿಂತ 4ರಿಂದ 15 ಡಿಗ್ರಿ ಕೆಳಗಿರುವಾಗ ಬಿರುಕು ಜೋರಾಗಿ ಬೆಳೆಯುತ್ತದೆ. ಇನ್ನೂ ಜಾಸ್ತಿ ಚಳಿಯಾದರೆ? ಪೊರೆ ತೀರಾ ತೆಳುವಾಗಿ ನೀರು ಓಡಾಡುವುದೇ ಕಷ್ಟ, ಕೆಲಸ ನಿಧಾನವಾಗುತ್ತದೆ. ವಿಪರೀತ ಚಳಿಗಿಂತ ಹದವಾದ ಚಳಿಯೇ ಕಲ್ಲಿಗೆ ದೊಡ್ಡ ಶತ್ರು! ನನಗೆ ಇದಕ್ಕಿಂತ ಖುಷಿ ಕೊಟ್ಟ ವಿಚಾರ ಕಡಿಮೆ.

ನೀರಿನ ಕೆಲಸ ಇಷ್ಟಕ್ಕೇ ನಿಲ್ಲುವುದಿಲ್ಲ. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಅದನ್ನು ಸ್ವಲ್ಪ ಆಮ್ಲವಾಗಿಸುತ್ತದೆ. ಮರಳಿನ ಕಾಳುಗಳನ್ನು ಅಂಟಿಸಿ ಹಿಡಿದಿರುವ ಕ್ಯಾಲ್ಸೈಟ್ ಇದರಲ್ಲಿ ಕರಗುತ್ತದೆ. ಜೈಯನ್‌ನ ವೀಪಿಂಗ್ ರಾಕ್‌ನಲ್ಲಿ ಬಂಡೆಯೇ ನೀರು ಸುರಿಸುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಮೇಲೆ ಬಿದ್ದ ಮಳೆ ಮತ್ತು ಹಿಮ ಅದು. ಮರಳುಗಲ್ಲಿನೊಳಗೆ ಇಳಿದು, ಕೆಳಗಿನ ಕಯೆಂಟಾ ಪದರಕ್ಕೆ ತಾಗಿ ನಿಲ್ಲುತ್ತದೆ. ಆ ಪದರ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ ಪಕ್ಕಕ್ಕೆ ಹರಿದು ಗೋಡೆಯಿಂದ ಹೊರಬರುತ್ತದೆ. ಅಲ್ಲಿ ಜರಿಗಿಡಗಳ ತೂಗುತೋಟ. ಕಯೆಂಟಾ ಮೆತ್ತಗೆ ಸವೆದಂತೆ ಮೇಲಿನ ಗೋಡೆಗೆ ಆಧಾರ ತಪ್ಪುತ್ತದೆ, ಚಪ್ಪಡಿಗಳು ಕಳಚಿ ಬೀಳುತ್ತವೆ. ಆಳ ಮಾಡುವುದು ನದಿ. ಅಗಲ ಮಾಡುವುದು ಈ ಒಸರು.

ಲಕ್ಷಾಂತರ ವರ್ಷದ ಮಾತು, ನಮಗೇನು ಕಾಣುತ್ತೆ ಅನ್ನುವವರಿಗೆ 1991ರ ಸೆಪ್ಟೆಂಬರ್ 1 ನೆನಪಿಸಬೇಕು. ಆರ್ಚಸ್‌ನಲ್ಲಿರುವ ಲ್ಯಾಂಡ್‌ಸ್ಕೇಪ್ ಆರ್ಚ್ ಸುಮಾರು 88 ಮೀಟರ್ ಉದ್ದದ ತೆಳು ಕಲ್ಲಿನ ಪಟ್ಟಿ. ಅಂದು ಕೆಳಗೆ ಕೂತಿದ್ದ ಪ್ರವಾಸಿಗರಿಗೆ ಚಟಚಟ ಸದ್ದು ಕೇಳಿಸಿತು. ಅವರು ಎದ್ದು ಓಡಿದರು. 18 ಮೀಟರ್ ಉದ್ದದ ಚಪ್ಪಡಿ ಕಳಚಿ ಬಿತ್ತು. ಈಗ ಅದರ ಅಡಿಗೆ ಹೋಗುವ ದಾರಿ ಮುಚ್ಚಿದೆ. 2008ರಲ್ಲಿ ಅದೇ ದಾರಿಯಲ್ಲಿದ್ದ ವಾಲ್ ಆರ್ಚ್ ಕುಸಿದೇ ಹೋಯಿತು.

ಗಾಳಿಯ ಕಥೆ ಬರೀ ತಪ್ಪಾಗಿದ್ದರೆ ನಾನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಅಪಾಯಕ್ಕೂ ದಾರಿ. ಅರಿಜೋನಾದ ಕಿರಿದಾದ ಕೊರಕಲು ಆಂಟಲೋಪ್ ಕ್ಯಾನ್ಯನ್‌ನ ಅಲೆಅಲೆಯಾದ ಗೋಡೆಗಳನ್ನು ಗಾಳಿ ಮಾಡಿದ್ದು ಅಂದುಕೊಂಡವರಿಗೆ ಅಲ್ಲಿ ನೆರೆ ಬರಬಹುದು ಅಂತ ಹೊಳೆಯುವುದೇ ಇಲ್ಲ. 1997ರ ಆಗಸ್ಟ್ 12ರಂದು ಅಲ್ಲಿ 11 ಪ್ರವಾಸಿಗರು ಸತ್ತರು. ಮಳೆ ಸುರಿದದ್ದು ಅವರ ತಲೆಯ ಮೇಲಲ್ಲ, ಹಳ್ಳದ ಮೇಲ್ಭಾಗದಲ್ಲಿ. ಬರೀ ಬಂಡೆಯ ನೆಲ ನೀರನ್ನು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಕೊರಕಲಿಗೇ ಬರುತ್ತದೆ.

ಆದ್ದರಿಂದ ಕಿರಿದಾದ ಕೊರಕಲಿಗೆ ಇಳಿಯುವ ಮುಂಚೆ ನೀವು ನಿಂತ ಜಾಗದ ಆಕಾಶ ನೋಡಿದರೆ ಸಾಲದು. ಆ ಹಳ್ಳಕ್ಕೆ ಎಲ್ಲೆಲ್ಲಿಂದ ನೀರು ಬರುತ್ತದೆ ಅಂತ ನಕ್ಷೆಯಲ್ಲಿ ನೋಡಿ, ಆ ಇಡೀ ಪ್ರದೇಶದ ಹವಾಮಾನ ವಿಚಾರಿಸಿ. ಜೈಯನ್‌ನ ನ್ಯಾರೋಸ್ ಎಂಬ, ನದಿಯಲ್ಲೇ ನಡೆದುಹೋಗುವ ಕೊರಕಲಿನಲ್ಲಿ ವಸಂತದ ತೊಂದರೆ ಬೇರೆ. ಅಲ್ಲಿ ಮೋಡವೇ ಇಲ್ಲದ ದಿನವೂ ಹಿಮ ಕರಗಿ ವರ್ಜಿನ್ ನದಿ ಏರುತ್ತದೆ. ಹರಿವು ಸೆಕೆಂಡಿಗೆ 150 ಘನ ಅಡಿ, ಅಂದರೆ ಸುಮಾರು 4,200 ಲೀಟರ್ ದಾಟಿದರೆ ದಾರಿ ಮುಚ್ಚುತ್ತಾರೆ. ಏಪ್ರಿಲ್, ಮೇನಲ್ಲಿ ಹೋಗುವವರು ಹೊರಡುವ ಮುಂಚೆ ಪಾರ್ಕಿನ ಕಚೇರಿಯಲ್ಲಿ ಅಂದಿನ ಹರಿವು ಎಷ್ಟಿದೆ ಅಂತ ಕೇಳಿಕೊಳ್ಳಿ.