ಷೇರುದಾರರು ಹೆಚ್ಚಾದರು ಸರಿ, ಯಾರು ಹೆಚ್ಚಾದರು?

ಕಂಪನಿಯೊಂದರ ಷೇರು ಎಷ್ಟು ಜನರ ಕೈಯಲ್ಲಿದೆ ಎನ್ನುವುದಕ್ಕೂ ಅದು ಮುಂದೆ ಕೊಡುವ ಲಾಭಕ್ಕೂ ಏನು ನಂಟು? 1977ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಮಿಲ್ಲರ್ ಕೊಟ್ಟ ತರ್ಕ ಇದು: ಶಾರ್ಟ್ ಸೆಲ್ಲಿಂಗ್ (ಷೇರನ್ನು ಸಾಲ ಪಡೆದು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ಹಿಂದಿರುಗಿಸುವುದು) ಕಷ್ಟವಿರುವಲ್ಲಿ, ಬೆಲೆ ಬೀಳುತ್ತದೆ ಎನ್ನುವವರು ಹೊರಗೇ ಉಳಿಯುತ್ತಾರೆ. ಬೆಲೆ ಕಟ್ಟುವವರು ಏರುತ್ತದೆ ಎನ್ನುವವರಷ್ಟೇ. ಹಾಗಾಗಿ ಬೆಲೆ ಉಬ್ಬುತ್ತದೆ.

ಹೊರಗೆ ಉಳಿದವರನ್ನು ಎಣಿಸಲಾಗದು, ಒಳಗಿರುವವರನ್ನು ಎಣಿಸಬಹುದು: ಅವರು ಕಡಿಮೆಯಾದರೆ ಹೊರಗುಳಿದವರು ಹೆಚ್ಚು, ಬೆಲೆ ಉಬ್ಬಿದೆ, ಮುಂದಿನ ಲಾಭ ಕಡಿಮೆ ಎಂದರ್ಥ. ಚೆನ್, ಹಾಂಗ್, ಸ್ಟೈನ್ ಎಂಬ ಮೂವರು ಸಂಶೋಧಕರು 2002ರಲ್ಲಿ ಮಾಡಿದ್ದು ಅದನ್ನೇ. ತ್ರೈಮಾಸಿಕವೊಂದರಲ್ಲಿ ಮ್ಯೂಚುವಲ್ ಫಂಡ್‌ಗಳು ಅತಿ ಹೆಚ್ಚು ಕೈಬಿಟ್ಟ ಹತ್ತನೇ ಒಂದು ಭಾಗದ ಷೇರುಗಳು, ಅತಿ ಹೆಚ್ಚು ಸೇರಿಸಿಕೊಂಡ ಹತ್ತನೇ ಒಂದು ಭಾಗಕ್ಕಿಂತ ಮುಂದಿನ 12 ತಿಂಗಳಲ್ಲಿ ಶೇ 6.38ರಷ್ಟು ಹಿಂದೆ ಬಿದ್ದಿದ್ದವು. ಕಂಪನಿಯ ಗಾತ್ರ, ಪುಸ್ತಕ ಮೌಲ್ಯ (ಲೆಕ್ಕಪುಸ್ತಕದಲ್ಲಿರುವ ಮೌಲ್ಯ), ಷೇರು ಬೆಲೆಯ ಹಿಂದಿನ ಓಟ ಇವುಗಳ ಪ್ರಭಾವ ಕಳೆದರೂ ಶೇ 4.95 ಉಳಿಯಿತು.

ಆದರೆ ಅವರು ಎಣಿಸಿದ್ದು ಫಂಡ್‌ಗಳನ್ನು ಮಾತ್ರ. ಶಾಂಘೈ ಷೇರುಪೇಟೆಯ ಎಲ್ಲ ಬಗೆಯ ಹೂಡಿಕೆದಾರರ ಖಾತೆಗಳನ್ನು ಚೋಯಿ, ಜಿನ್, ಯಾನ್ ಎಂಬ ಸಂಶೋಧಕರು ನೋಡಿದಾಗ ಲೆಕ್ಕ ತಿರುಗಿಬಿತ್ತು. ಷೇರುದಾರರು ಅತಿ ಹೆಚ್ಚಿದ ಐದನೇ ಒಂದು ಭಾಗದ ಷೇರುಗಳು, ಅತಿ ಕಡಿಮೆಯಾದವುಗಳಿಗಿಂತ ವರ್ಷಕ್ಕೆ ಶೇ 23ರಷ್ಟು ಹಿಂದೆ! ಇದಕ್ಕೆ ಕಾರಣ ಸಣ್ಣ ಹೂಡಿಕೆದಾರರು. ಫಂಡ್‌ಗಳಂಥ ದೊಡ್ಡ ಹೂಡಿಕೆ ಸಂಸ್ಥೆಗಳ ವಿಷಯದಲ್ಲಿ ಮಾತ್ರ, ಹೆಚ್ಚಾದರೆ ಲಾಭ ಎನ್ನುವ ಹಳೆಯ ನಂಟೇ ಕಂಡಿತು.

ನಮ್ಮಲ್ಲಿ ಷೇರುಪೇಟೆಯಲ್ಲಿರುವ ಕಂಪನಿಗಳು ತ್ರೈಮಾಸಿಕ ಮುಗಿದ 21 ದಿನದೊಳಗೆ ಷೇರುದಾರರ ವರ್ಗವಾರು ವಿವರವನ್ನು ಷೇರುಪೇಟೆಗೆ ಸಲ್ಲಿಸಬೇಕು. ಒಟ್ಟು ಸಂಖ್ಯೆ ಬಿಟ್ಟು ವರ್ಗವಾರು ಸಾಲುಗಳನ್ನು ಓದಿ. ‘2 ಲಕ್ಷ ರೂಪಾಯಿವರೆಗಿನ ವ್ಯಕ್ತಿಗಳು’ ಎಂಬ ಸಾಲಿನಲ್ಲಿ ಹಲವರು ಎಡವುತ್ತಾರೆ: ಅದು ಮುಖಬೆಲೆ (ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲ ಬೆಲೆ), ಮಾರುಕಟ್ಟೆ ಬೆಲೆಯಲ್ಲ. 1 ರೂಪಾಯಿ ಮುಖಬೆಲೆಯ ಷೇರು ಪೇಟೆಯಲ್ಲಿ 1,000 ರೂಪಾಯಿ ಇದ್ದರೆ, 20 ಕೋಟಿಯ ಒಡೆಯನೂ ಆ ‘ಸಣ್ಣವರ’ ಸಾಲಿಗೇ ಬರುತ್ತಾನೆ. ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಗಳು 2020ರ ಮಾರ್ಚ್‌ನ ಸುಮಾರು 4 ಕೋಟಿಯಿಂದ 2024ರ ಮಾರ್ಚ್‌ಗೆ 15 ಕೋಟಿ ದಾಟಿದ್ದರಿಂದ ಬಹುತೇಕ ಕಂಪನಿಗಳ ಷೇರುದಾರರ ಸಂಖ್ಯೆಯೂ ಉಬ್ಬಿದೆ. ಅದೇ ವಲಯದ ಬೇರೆ ಕಂಪನಿಗಳ ಜೊತೆ ಹೋಲಿಸದಿದ್ದರೆ ಏನೂ ತಿಳಿಯದು.

ಯೆಸ್ ಬ್ಯಾಂಕ್ ನೋಡಿ. 2018ರಿಂದ ಬೆಲೆ ಇಳಿಯುತ್ತ ಹೋದಂತೆ ಸಂಸ್ಥೆಗಳು ಬಿಟ್ಟ ಷೇರು ಸಣ್ಣವರ ಕೈ ಸೇರಿತು. 2020ರ ಮಾರ್ಚ್‌ನ ಪುನರುಜ್ಜೀವನ ಯೋಜನೆ, 100 ಅಥವಾ ಅದಕ್ಕಿಂತ ಹೆಚ್ಚು ಷೇರು ಇದ್ದವರ ಶೇ 75 ಪಾಲಿಗೆ ಮೂರು ವರ್ಷ ಬೀಗ ಹಾಕಿತು. ಮಾರುವವರ ಕೈ ಕಟ್ಟಿದ್ದೇ ತಡ, ಮಾರ್ಚ್ 6ರಂದು 17 ರೂಪಾಯಿಯೊಳಗೆ ಮುಗಿದಿದ್ದ ಷೇರು 18ರಂದು ವಹಿವಾಟಿನ ನಡುವೆ 80 ದಾಟಿತು. ತಿಂಗಳ ಕೊನೆಗೆ 30ರೊಳಗೆ ಮರಳಿತು.