ಟ್ರೈಗ್ಲಿಸರೈಡ್: ತುಪ್ಪ ಬಿಟ್ಟರೂ ಇಳಿಯದ ಕೊಬ್ಬು

ರಕ್ತಪರೀಕ್ಷೆಯ ಲಿಪಿಡ್ ಪ್ರೊಫೈಲ್ ವರದಿ ಕೈಗೆ ಬಂದಾಗ ಬಹುತೇಕರು ಕೊಲೆಸ್ಟ್ರಾಲ್ ನೋಡಿ ಮಡಚಿಡುತ್ತಾರೆ. ‘ಶುಗರ್ ಬಾರ್ಡರ್‌ನಲ್ಲಿದೆ’ ಎನಿಸಿಕೊಂಡವರು, ಎಂದರೆ ಬರಿಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಅಥವಾ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ ಶೇ. 5.7ರಿಂದ 6.4ರಷ್ಟು ಇರುವವರು, ಅದೇ ವರದಿಯಲ್ಲಿರುವ ಟ್ರೈಗ್ಲಿಸರೈಡ್ ಎಂಬ ಸಾಲನ್ನೂ ಓದಬೇಕು.

ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಸೇರಿ ಆಗುವ ವಸ್ತು ಇದು. ಹೆಸರಿನ ‘ಟ್ರೈ’ ನಮ್ಮ ‘ತ್ರಿ’ಯ ದಾಯಾದಿಯೇ. ಕೊಲೆಸ್ಟ್ರಾಲ್ ಜೀವಕೋಶದ ಪೊರೆಗೂ ಹಾರ್ಮೋನುಗಳಿಗೂ ಬೇಕಾದ ಸಾಮಗ್ರಿ, ಟ್ರೈಗ್ಲಿಸರೈಡ್ ದೇಹ ಕೂಡಿಟ್ಟುಕೊಳ್ಳುವ ಇಂಧನ. ಅಡುಗೆ ಎಣ್ಣೆ, ತುಪ್ಪ, ಸೊಂಟದ ಸುತ್ತಲ ಬೊಜ್ಜು ಎಲ್ಲವೂ ಬಹುಪಾಲು ಇದೇ. ಹಾಗಾಗಿ ತುಪ್ಪ ನಿಲ್ಲಿಸಿದರೆ ಸಾಕೆಂದು ತೋರುವುದು ಸಹಜ. ಆದರೆ ಬರಿಹೊಟ್ಟೆಯಲ್ಲಿ ಅಳೆದಾಗ ಸಿಗುವುದು ಹೆಚ್ಚಾಗಿ ಹಿಂದಿನ ದಿನ ಉಂಡ ತುಪ್ಪವಲ್ಲ, ಯಕೃತ್ತು ತಾನೇ ಕಟ್ಟಿ ರಕ್ತಕ್ಕೆ ಬಿಟ್ಟ ಕೊಬ್ಬು.

ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಕೊಬ್ಬಿನ ಕೋಶಗಳು ತಮ್ಮಲ್ಲಿರುವ ಕೊಬ್ಬಿನಾಮ್ಲಗಳನ್ನು ಹಿಡಿದಿಟ್ಟುಕೊಳ್ಳಲಾರದೆ ಯಕೃತ್ತಿನ ಕಡೆಗೆ ಹರಿಯಬಿಡುತ್ತವೆ; ಅದರ ಮೇಲೆ, ಊಟದಲ್ಲಿ ಹೆಚ್ಚಾಗಿ ಬಂದ ಪಿಷ್ಟ ಮತ್ತು ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿ ಮಾರ್ಪಡಿಸಿ ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ಕಳಿಸುತ್ತದೆ. ಸಕ್ಕರೆ ತಯಾರಿಕೆ ನಿಲ್ಲಿಸು ಎಂದರೆ ಕೇಳದ ಅದೇ ಯಕೃತ್ತು, ಕೊಬ್ಬು ತಯಾರಿಸು ಎಂಬ ಇನ್ಸುಲಿನ್‌ನ ಆಜ್ಞೆಯನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುವುದು ವಿಚಿತ್ರ. ಇದರೊಂದಿಗೆ ‘ಒಳ್ಳೆಯ ಕೊಲೆಸ್ಟ್ರಾಲ್’ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ, ‘ಕೆಟ್ಟ ಕೊಲೆಸ್ಟ್ರಾಲ್’ ಎನಿಸಿದ ಎಲ್‌ಡಿಎಲ್ ಕಣಗಳು ಸಣ್ಣದಾಗಿ ಸಾಂದ್ರವಾಗುತ್ತವೆ. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯ, 200 ದಾಟಿದರೆ ಹೆಚ್ಚು, 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವೂ ಸೇರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ 2025ರ ವರದಿಯ ಪ್ರಕಾರ ಭಾರತೀಯರ ಆಹಾರಶಕ್ತಿಯಲ್ಲಿ ಸುಮಾರು ಶೇ. 62 ಪಾಲು ಕಾರ್ಬೋಹೈಡ್ರೇಟಿನದು. ಬೆಂಗಳೂರಿನ ದಿನಚರಿಯಲ್ಲಿ ಇದನ್ನು ಕಾಣುವುದು ಕಷ್ಟವಲ್ಲ: ಬೆಳಿಗ್ಗೆ ದರ್ಶಿನಿಯಲ್ಲಿ ಚೌಚೌ ಬಾತ್, ಸಕ್ಕರೆ ಹಾಕಿದ ಕಾಫಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಟೀ ಬಿಸ್ಕತ್ತು. ಎಣ್ಣೆಯಿಲ್ಲದ್ದೆಂದು ನಾಲ್ಕು ಇಡ್ಲಿ ತಿನ್ನುವವರ ಟ್ರೈಗ್ಲಿಸರೈಡ್ ಇಳಿಯದಿರುವುದಕ್ಕೆ ಕಾರಣ ಇಲ್ಲಿದೆ. ರಾಗಿಯಲ್ಲಿ ನಾರು ಹೆಚ್ಚೇನೋ ನಿಜ, ಆದರೆ ಮುದ್ದೆಯೂ ಮುಖ್ಯವಾಗಿ ಪಿಷ್ಟವೇ. ಅದರ ಗಾತ್ರ ಕಿರಿದಾಗಿ, ಜೊತೆಗಿನ ಹುರುಳಿ ಸಾರಿನಲ್ಲಿ ಕಾಳು ಹೆಚ್ಚಾಗಿ, ಪಲ್ಯ ತಟ್ಟೆಯ ಅರ್ಧ ತುಂಬಿದಾಗ ಊಟದ ಲೆಕ್ಕ ಬದಲಾಗುತ್ತದೆ. ಹಾಗೆಂದು ತುಪ್ಪಕ್ಕೆ ಪೂರ್ಣ ವಿನಾಯಿತಿಯಿಲ್ಲ: ಅದರ ಸ್ಯಾಚುರೇಟೆಡ್ ಕೊಬ್ಬು ಏರಿಸುವುದು ಎಲ್‌ಡಿಎಲ್ ಅನ್ನು. ಅದರ ಬದಲು ಶೇಂಗಾ ಎಣ್ಣೆಯಂಥವನ್ನು ಹಿತಮಿತವಾಗಿ ಬಳಸಬಹುದು. ಮದ್ಯ ಟ್ರೈಗ್ಲಿಸರೈಡನ್ನು ನೇರವಾಗಿ ಏರಿಸುತ್ತದೆ. ದೇಹತೂಕ ಶೇ. 5ರಿಂದ 10ರಷ್ಟು ಇಳಿದರೆ ಟ್ರೈಗ್ಲಿಸರೈಡ್ ಶೇ. 20ರಷ್ಟು ಇಳಿಯುವುದುಂಟು.

ಈ ಸಂಖ್ಯೆ ಬಲು ಚಂಚಲವಾದ್ದರಿಂದ ಒಂದೇ ಪರೀಕ್ಷೆಯನ್ನು ನೆಚ್ಚಲಾಗದು. ರಾತ್ರಿ ಮದುವೆಮನೆಯ ಊಟ ಮುಗಿಸಿ ಬೆಳಿಗ್ಗೆ ರಕ್ತ ಕೊಟ್ಟರೆ ಏರಿಳಿತ ಸಹಜ. ಅನೇಕ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ, ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವ ಸೂತ್ರದಿಂದ ಅಂದಾಜಿಸುತ್ತವೆ; ಟ್ರೈಗ್ಲಿಸರೈಡ್ 400 ಮೀರಿದಾಗ ಆ ಸೂತ್ರವೇ ಕೈಕೊಡುವುದರಿಂದ, ಅಂಥ ವರದಿಯ ಎಲ್‌ಡಿಎಲ್ ಕಡಿಮೆಯೆಂದು ಕಂಡರೂ ಅದನ್ನು ನೇರವಾಗಿ ಅಳೆಸುವ ಬಗ್ಗೆ ವೈದ್ಯರನ್ನು ಕೇಳುವುದು ಸೂಕ್ತ.