ಸೋಲುವವನ ಏಜೆಂಟನಿಗೂ ಒಂದು ಪ್ರತಿ

ಹೊಟ್ಟೆಪಾಡಿಗೆ ನಾನು ಶಾಲೆ ಮಾಷ್ಟ್ರು. ಓಟು ಬಂದರೆ ಪ್ರಿಸೈಡಿಂಗ್ ಆಫೀಸರ್, ಅಂದರೆ ಮತಗಟ್ಟೆಯ ಮುಖ್ಯಸ್ಥ. ಕೇರಳದ ಕಾಸರಗೋಡಿನ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಬೂತುಗಳಲ್ಲಿ ಕೂತು ಕೂತು ಒಂದು ವಿಷಯ ಮಾತ್ರ ಮನಸ್ಸಿಗೆ ಬಂದಿದೆ: ಗೆದ್ದವನಿಗೆ ನಮ್ಮ ಕಾಗದಪತ್ರ ಯಾವುದೂ ಬೇಡ. ಅಲ್ಲಿ ನಾವು ಮಾಡುವ ಕೆಲಸದ ಮುಕ್ಕಾಲು ಪಾಲು ಸೋಲುವವನಿಗಾಗಿ.

ಬೆಳಗ್ಗೆ ಏಳಕ್ಕೆ ಮತದಾನವಾದರೆ ಐದೂವರೆಗೇ ಮಾಕ್ ಪೋಲ್, ಅಂದರೆ ಯಂತ್ರದ ಪರೀಕ್ಷೆಗೆ ಅಣಕು ಮತದಾನ. ಅಭ್ಯರ್ಥಿಗಳ ಏಜೆಂಟರ ಎದುರೇ ಕನಿಷ್ಠ 50 ಓಟು ಒತ್ತಿ, ಎಣಿಸಿ, ಪ್ರತಿ ಓಟಿಗೂ ವಿವಿಪ್ಯಾಟ್ ಮುದ್ರಿಸುವ ಚೀಟಿಗಳ ಜೊತೆ ತಾಳೆ ನೋಡಬೇಕು. ಆಮೇಲೆ ಯಂತ್ರ ಕ್ಲಿಯರ್ ಮಾಡಿ ಸೊನ್ನೆ ತೋರಿಸಿ ಸೀಲ್ ಹಾಕಬೇಕು. ಆ ಚೀಟಿಗಳು ಕಪ್ಪು ಲಕೋಟೆಗೆ. ನಿದ್ದೆಗಣ್ಣಿನ ಏಜೆಂಟರು ಸೊನ್ನೆ ನೋಡಲು ಎದ್ದು ಬರುವುದಿಲ್ಲ, ನಾನು ಬಿಡುವುದೂ ಇಲ್ಲ.

ಇಷ್ಟೊಂದು ಹಟ ಯಾಕೆಂದು 2016ರ ನಂತರ ಇಲ್ಲಿ ಯಾರೂ ಕೇಳಲಿಲ್ಲ. ಆ ವರ್ಷ ಮಂಜೇಶ್ವರದಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ವಿಧಾನಸಭೆಗೆ ಗೆದ್ದದ್ದು ಬಿಜೆಪಿಯ ಕೆ. ಸುರೇಂದ್ರನ್ ಎದುರು 89 ಮತಗಳಿಂದ. ಸುರೇಂದ್ರನ್ ಹೆಸರಿಗೆ ಹತ್ತಿರಹತ್ತಿರದ ಹೆಸರಿದ್ದ ಇನ್ನೊಬ್ಬ ಅಭ್ಯರ್ಥಿಗೆ ಸಿಕ್ಕಿದ್ದೇ 467. ಸೋತವರು ಬೀದಿಗಿಳಿದು ಲೆಕ್ಕ ಚುಕ್ತಾ ಮಾಡಲಿಲ್ಲ, ಹೈಕೋರ್ಟಿಗೆ ಹೋದರು. ಇಲ್ಲದವರ ಹೆಸರಲ್ಲಿ ಓಟು ಬಿದ್ದಿದೆ ಎಂಬುದು ದೂರು. ಗೆದ್ದಿದ್ದ ರಜಾಕ್ ತೀರಿಹೋದ ಮೇಲೆ ಅರ್ಜಿ ಹಿಂತೆಗೆದದ್ದು 2019ರಲ್ಲಿ. 2021ರಲ್ಲಿ ಅದೇ ಸುರೇಂದ್ರನ್ ಮತ್ತೆ ನಿಂತು 745 ಮತಗಳಿಂದ ಸೋತರು. ಸೋತವನು ಮತ್ತೆ ನಿಲ್ಲಬಹುದು ಅನ್ನುವುದೇ ದೊಡ್ಡ ಮಾತು. ಕೇರಳದ ಮೊದಲ ಚುನಾವಣೆಯಲ್ಲಿ, 1957ರಲ್ಲಿ, ಎಂ. ಉಮೇಶ್ ರಾವ್ ಇಲ್ಲಿಂದ ಅವಿರೋಧವಾಗಿ ಆಯ್ಕೆಯಾಗಿದ್ದರು; ಸೋತವನೇ ಇಲ್ಲದ ಚುನಾವಣೆ. ಅಂಥದ್ದರಲ್ಲಿ ನನ್ನಂಥವನಿಗೆ ಕೆಲಸವಿಲ್ಲ.

ಒಮ್ಮೆ ಒಬ್ಬ ಅಜ್ಜಿ ಬಂದರು. ಪಟ್ಟಿಯಲ್ಲಿ ಅವರ ಹೆಸರಿನ ಎದುರು ಆಗಲೇ ಗುರುತು ಬಿದ್ದಿತ್ತು, ಯಾರೋ ಹಾಕಿ ಹೋಗಿದ್ದರು. ಅಜ್ಜಿಯ ಬೆರಳಲ್ಲಿ ಶಾಯಿ ಇಲ್ಲ. ಇಂಥವರಿಗೆ ಟೆಂಡರ್ಡ್ ಓಟು: ಯಂತ್ರವಲ್ಲ, ಕಾಗದದ ಮತಪತ್ರ, ಪ್ರತ್ಯೇಕ ಲಕೋಟೆ. "ಇದನ್ನು ಎಣಿಸ್ತಾರಾ ಮಗ?" ಅಂತ ಕೇಳಿದರು. ಇಲ್ಲ ಅಜ್ಜಿ, ಕೋರ್ಟಿಗೆ ಹೋದರೆ ಮಾತ್ರ ತೆರೆಯಬಹುದು ಅಂದೆ. ಹೇಳುವಾಗ ನನಗೇ ಕಸಿವಿಸಿಯಾಯಿತು. ಅವರು ಮಾತ್ರ ಮುದ್ರೆ ಒತ್ತಿ, ಮಡಚಿ ಕೊಟ್ಟೇ ಹೋದರು.

ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆ ಕೊನೆಯವರಿಂದ ಶುರುಮಾಡಿ ಚೀಟಿ ಕೊಟ್ಟು, ಎಲ್ಲರದೂ ಮುಗಿದ ಮೇಲೆ ಫಾರಂ 17ಸಿ. ಬಿದ್ದ ಒಟ್ಟು ಓಟು ಎಷ್ಟು, ರಿಜಿಸ್ಟರಿನಲ್ಲಿ ಎಷ್ಟು ಎಂದು ಬರೆದು, ಏಜೆಂಟರ ಸಹಿ ಪಡೆದು, ಅವರಿಗೂ ಪ್ರತಿ ಕೊಡಬೇಕು. ಎಣಿಕೆಯ ದಿನ ಯಂತ್ರ ತೋರಿಸುವ ಸಂಖ್ಯೆ ಇದಕ್ಕೆ ಸರಿಹೊಂದಬೇಕು. ಆ ಬೂತಿನಲ್ಲಿ ಒಬ್ಬ ಬೀಡಿ ಕಟ್ಟುವ ಹುಡುಗ ಏಜೆಂಟ್. ಗೆಲ್ಲುವ ಆಸೆ ಅವನ ಪಕ್ಷಕ್ಕೇ ಇರಲಿಲ್ಲ. ಮಲಯಾಳ ಓದಲು ಬಾರದು. "ಮಾಷ್ಟ್ರೇ, ಇದರಲ್ಲಿ ಎಂತ ಬರೆದದ್ದು?" ಅಂದ. ಬಸ್ಸು ಕಾಯುತ್ತಿತ್ತು, ಜೊತೆಯವರು ಗೊಣಗಿದರು. ಆದರೂ ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಮದುವೆ ಕಾಗದದ ಹಿಂಬದಿಯಲ್ಲಿ ಅಂಕಿಗಳನ್ನು ತಾನೇ ಬರೆದುಕೊಂಡು, ನನ್ನ ಪ್ರತಿಯ ಜೊತೆ ಹಿಡಿದು ಎರಡು ಸಲ ನೋಡಿ, ಆಮೇಲೆ ಸಹಿ ಹಾಕಿದ.